ಹನ್ನೊಂದನೇ ಸಾಲಿನ ತುದಿ ಕುರ್ಚಿ

ಊರಿನ ಯಾವ ಚಿತ್ರಮಂದಿರದಲ್ಲಿ ಸ್ಪೀಕರ್ ಗೊಗ್ಗರು ದನಿ ತೆಗೆದರೂ ಕರೆ ಹೋಗುತ್ತಿದ್ದುದು ಕಿವಿ ಮೇಷ್ಟ್ರಿಗೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೈಕು, ಲ್ಯಾಪ್‌ಟಾಪು, ಅಳತೆ ಟೇಪು ತುಂಬಿದ ಕಪ್ಪು ಪೆಟ್ಟಿಗೆ ಹಿಡಿದು ಹಾಲ್‌ನಿಂದ ಹಾಲ್‌ಗೆ ತಿರುಗಿ ದನಿ ಸರಿ ಮಾಡಿ ಬರುವುದು ಅವರ ಕಸುಬು. ಹಾಲ್ ಮಧ್ಯೆ ನಿಂತು ಕಣ್ಣು ಮುಚ್ಚಿ, "ಬಲಗಡೆ ಮೂರನೇದು ಸತ್ತಿದೆ ನೋಡಿ" ಅಂದರೆ ಅದು ಸತ್ತೇ ಇರುತ್ತಿತ್ತು. ಹಾಗೆ ಬಂದ ಹೆಸರು ಅದು. ಇಪ್ಪತ್ತಾರು ವರ್ಷದಲ್ಲಿ ಅವರ ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು ಅನ್ನುವ ಹಾಗಾಗಿತ್ತು.

ಅವರು ಮಾಡಿದ ಕೆಲಸಗಳಲ್ಲಿ ಅವರಿಗೇ ಹೆಚ್ಚು ಹೆಮ್ಮೆ ಇದ್ದದ್ದು ಮಾರುಕಟ್ಟೆ ಬೀದಿಯ ದೊಡ್ಡ ಹಾಲ್ ಬಗ್ಗೆ. ಹದಿನೆಂಟು ಸಾಲು, ಮುನ್ನೂರ ಎಂಬತ್ತಾರು ಕುರ್ಚಿ. ಎರಡು ವರ್ಷದ ಹಿಂದೆ ಮಾಲಕಿ ಅದನ್ನು ಒಳಗಿಂದ ಪೂರ್ತಿ ಕೆಡವಿ ಹೊಸದಾಗಿ ಕಟ್ಟಿಸಿದ್ದಳು. ದನಿಯ ಹೊಣೆ ಮೇಷ್ಟ್ರದು. ಟಿಕೆಟ್ ಕಿಟಕಿಯ ಪಕ್ಕದಲ್ಲಿ ಚೌಕಟ್ಟು ಹಾಕಿದ ಒಂದು ಕಾಗದ ತೂಗುತ್ತಿತ್ತು. "ಈ ಸಭಾಂಗಣದ ಧ್ವನಿಯನ್ನು ಪರೀಕ್ಷಿಸಲಾಗಿದೆ, ಎಲ್ಲ ಆಸನಗಳಿಂದಲೂ ಸ್ಪಷ್ಟವಾಗಿ ಕೇಳಿಸುತ್ತದೆ" ಅಂತ ಅದರಲ್ಲಿ ಬರೆದು, ಕೆಳಗೆ ಮೇಷ್ಟ್ರ ದುಂಡನೆಯ ಸಹಿ.

ಆ ಹಾಲ್‌ಗೆ ಒಂದು ಭಾನುವಾರವೂ ತಪ್ಪಿಸದೆ ಮ್ಯಾಟಿನಿಗೆ ಹೋಗುತ್ತಿದ್ದವಳು ಮೇಷ್ಟ್ರ ಅಕ್ಕ. ಐವತ್ತೆಂಟು ವಯಸ್ಸು, ಹೊಲಿಗೆ ಅಂಗಡಿ, ಬಾಯಿ ತುಂಬ ಮಾತು. ಒಮ್ಮೆ ಯಾರದೋ ಮನೆಯಲ್ಲಿ ಪರದೆ ನೇತುಹಾಕಲು ಸ್ಟೂಲ್ ಹತ್ತಿ ಬಿದ್ದು ಎಡಗಾಲಿನ ಮಂಡಿ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಕಾಲು ಮಾತ್ರ ಮಡಚದೆ ಉಳಿಯಿತು. ಕೂತರೆ ಅದನ್ನು ಕೋಲಿನ ಹಾಗೆ ಮುಂದೆ ಚಾಚಬೇಕು. ಆ ಹಾಲ್‌ನಲ್ಲಿ ಓಡಾಡುವ ದಾರಿ ಇದ್ದದ್ದು ಎರಡು ಗೋಡೆಗಳ ಪಕ್ಕ ಮಾತ್ರ. ಹಾಗಾಗಿ ಅವಳದು ಯಾವಾಗಲೂ ಹನ್ನೊಂದನೇ ಸಾಲು, ಎಡಗೋಡೆಯ ಪಕ್ಕದ ಒಂದನೇ ಕುರ್ಚಿ. ಟಾರ್ಚ್ ಹಿಡಿದು ಜಾಗ ತೋರಿಸುವ ಹೆಂಗಸು, ಎಲ್ಲರ ಬಾಯಲ್ಲಿ ಟಾರ್ಚಮ್ಮ, ಆ ಕುರ್ಚಿಯನ್ನು ಅವಳಿಗೆಂದೇ ಕಾದಿಡುತ್ತಿದ್ದಳು.

ಒಂದು ಮಂಗಳವಾರ ಮೇಷ್ಟ್ರು ಪ್ಯಾಂಟಿನ ಅಂಚು ಹೊಲಿಸಲು ಅಂಗಡಿಗೆ ಹೋದಾಗ ಅಕ್ಕ ಗಿರಾಕಿಯೊಬ್ಬನ ತೋಳಿನ ಅಳತೆ ಹಿಡಿಯುತ್ತ, ಭಾನುವಾರ ನೋಡಿದ ಸಿನಿಮಾದ ಕಥೆ ಹೇಳುತ್ತಿದ್ದಳು. ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಕಥೆ ಹೇಳುವುದು ಅವಳಿಗೆ ಸಲೀಸು.

"ಆಸ್ಪತ್ರೆಯಿಂದ ದೊಡ್ಡ ಮಗ ಹೊರಗೆ ಬರ್ತಾನೆ. ತಮ್ಮನಿಗೆ ಹೇಳ್ತಾನೆ, ಅಪ್ಪ ಅತ್ತ ಕಣೋ ಅಂತ. ಅಷ್ಟಕ್ಕೇ ಇಬ್ಬರೂ ತಬ್ಬಿಕೊಂಡು ಗೋಳೋ ಅಂತಾರೆ. ಒಬ್ಬ ಗಂಡಸು ಅತ್ತಿದ್ದಕ್ಕೆ ಇಷ್ಟು ರಂಪ ಯಾಕೆ ಅಂತ! ಥಿಯೇಟರ್‌ನಲ್ಲಿದ್ದವರೂ ಮೂಗು ಒರೆಸಿಕೊಳ್ತಿದ್ರು. ಆಮೇಲೆ ಹತ್ತು ವರ್ಷ ಆಯ್ತು ಅಂತ ತೋರಿಸ್ತಾರೆ, ಅಪ್ಪ ಬರೋದೇ ಇಲ್ಲ. ದೊಡ್ಡ ನಟ ಅಲ್ವಾ, ಡೇಟ್ಸ್ ಸಿಕ್ಕಿರಲಿಕ್ಕಿಲ್ಲ."

ಮೇಷ್ಟ್ರೂ ಆ ಸಿನಿಮಾ ನೋಡಿದ್ದರು. ನಡು ಹಾಲ್‌ನಲ್ಲಿ, ತಮ್ಮ ಮಾಮೂಲು ಜಾಗದಲ್ಲಿ ಕೂತು.

"ಅಕ್ಕಾ, ಅವನು ಅತ್ತಿದ್ದಲ್ಲ. ಸತ್ತಿದ್ದು."

ಟೇಪು ಹಿಡಿದ ಕೈ ಅಲ್ಲೇ ನಿಂತಿತು. "ಸತ್ತನಾ? ಯಾವಾಗ?"

"ಇಂಟರ್ವಲ್‌ಗೆ ಮುಂಚೇನೇ."

"ಅಯ್ಯೋ ಪಾಪ," ಅಂದಳು ಅಕ್ಕ, ಎರಡು ದಿನ ತಡವಾಗಿ. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕನೂ ನಕ್ಕಳು. ಆದರೆ ಅವಳ ನಗು ಬೇಗ ಮುಗಿಯಿತು. ತಲೆ ತಗ್ಗಿಸಿ ಅಳತೆ ಬರೆದುಕೊಂಡಳು. ಆಮೇಲೆ ಪುಸ್ತಕವನ್ನು ಗಿರಾಕಿಯ ಕಡೆ ತಳ್ಳಿ, "ಹೆಸರು, ಯಾವತ್ತಿಗೆ ಬೇಕು, ಎಲ್ಲ ನೀವೇ ಬರೆದುಬಿಡಿ" ಅಂದಳು.

ಅದು ಮೇಷ್ಟ್ರಿಗೆ ಹೊಸದಾಗಿ ಕಂಡಿತು. ಮೂವತ್ತೈದು ವರ್ಷ ಎಲ್ಲವನ್ನೂ ಬಾಯಿಮಾತಿನಲ್ಲೇ ಕೇಳಿ ನೆನಪಿಟ್ಟುಕೊಂಡವಳು ಅವಳು. ಗಿರಾಕಿ ಹೋದ ಮೇಲೆ ಕೇಳಿದರು, "ಇದ್ಯಾವಾಗಿಂದ? ಬರೆಸಿಕೊಳ್ಳೋದು?"

ಅಕ್ಕ ಮೆಷಿನ್‌ಗೆ ದಾರ ಪೋಣಿಸುತ್ತ ಹೇಳಿದಳು, "ಕಿವಿ ಹೋಯ್ತು ಕಣೋ ಪುಟ್ಟ. ಎರಡು ವರ್ಷ ಆಯ್ತು."

ಊರಿಗೆಲ್ಲ ಮೇಷ್ಟ್ರಾದರೂ ಅಕ್ಕನಿಗೆ ಅವರು ಪುಟ್ಟನೇ. ಅಮ್ಮ ತೀರಿಕೊಂಡಾಗ ಅವರಿಗೆ ಒಂಬತ್ತು, ಅಕ್ಕನಿಗೆ ಹದಿನೈದು.

"ಈಗ ನನ್ನ ಮಾತು ಕೇಳಿಸ್ತಿದೆಯಲ್ಲ?"

"ಎದುರಿಗೆ ಇದ್ದರೆ ಕೇಳಿಸುತ್ತೆ. ಸಿನಿಮಾದಲ್ಲೇ ಗೊತ್ತಾಗಿದ್ದು ನಂಗೆ. ಮಾತೆಲ್ಲ ಕಲಸಿದ ಹಾಗೆ. ಮೊನ್ನೆ ಆ ಹುಡುಗ ಕೊನೇಲಿ ಮಂಡಿಯೂರಿ 'ಎಲ್ಲ ನನ್ನ ಉಪ್ಪು, ಎಲ್ಲ ನನ್ನ ಉಪ್ಪು' ಅಂತಾನೆ. ಅವನೇನು ಉಪ್ಪಿನ ವ್ಯಾಪಾರಿನಾ?"

"ತಪ್ಪು," ಅಂದರು ಮೇಷ್ಟ್ರು. "ಎಲ್ಲ ನನ್ನ ತಪ್ಪು."

"ನೋಡು ಮತ್ತೆ. ಪಕ್ಕದವರು ನಕ್ಕಾಗ ನಗ್ತೀನಿ, ಅತ್ತಾಗ ಸುಮ್ಮನಿರ್ತೀನಿ. ಹಾಗೇ ನಡೀತಿದೆ."

"ನಂಗೆ ಹೇಳೋದಲ್ವಾ?"

"ಏನಂತ ಹೇಳಲಿ? ಇಡೀ ಊರು ನಿನ್ನ ಕಿವಿ ಹೊಗಳುತ್ತೆ, ನಿನ್ನ ಅಕ್ಕ ಕಿವುಡಿ ಅಂತ ಹೇಳಿಕೊಂಡು ತಿರುಗಲಾ?"

ಮೇಷ್ಟ್ರು ಪ್ಯಾಂಟನ್ನು ಅಲ್ಲೇ ಬಿಟ್ಟು ಕಿವಿ ಡಾಕ್ಟರಿಗೆ ಫೋನ್ ಮಾಡಿದರು.

ಗುರುವಾರ ಅಕ್ಕನನ್ನು ಗಾಜಿನ ಪೆಟ್ಟಿಗೆಯಂಥ ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಪರೀಕ್ಷೆ ಬರೆಯುವವಳ ಹಾಗೆ ಒತ್ತಿದಳು. ಡಾಕ್ಟರು ಹಾಳೆ ತೆಗೆದು ನೋಡಿ, "ಇವರನ್ನ ಯಾಕೆ ಕರ್ಕೊಂಡು ಬಂದ್ರಿ?" ಅಂದರು.

"ಕಿವಿ ಕೇಳಿಸಲ್ಲ ಅಂತಾರೆ."

"ಈ ವಯಸ್ಸಿಗೆ ಇಂಥ ಕಿವಿ ಅಪರೂಪ. ಪಕ್ಕದ ಮನೆಯವರು ಪಿಸುಗುಟ್ಟಿದ್ರೂ ಕೇಳಿಸಬೇಕು."

"ಅದು ಕೇಳಿಸುತ್ತೆ," ಅಂದಳು ಅಕ್ಕ ಪ್ರಾಮಾಣಿಕವಾಗಿ.

ಬಂದದ್ದೇ ಬಂದಿದ್ದೀರಿ, ನಿಮ್ಮದೂ ನೋಡೋಣ ಅಂತ ಡಾಕ್ಟರು ಮೇಷ್ಟ್ರನ್ನೂ ಕೂರಿಸಿದರು. ಮೇಷ್ಟ್ರು ನಗುತ್ತಲೇ ಒಳಗೆ ಹೋದರು. ಹೊರಗೆ ಬಂದಾಗ ಡಾಕ್ಟರು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಅಕ್ಕನ ಗೆರೆ ಹೆಚ್ಚುಕಡಿಮೆ ನೆಟ್ಟಗೆ ಹೋಗಿತ್ತು. ಮೇಷ್ಟ್ರ ಗೆರೆ ಬಲತುದಿಯಲ್ಲಿ, ಸಣ್ಣ ಚುರುಕು ದನಿಗಳಿರುವ ಕಡೆ, ಇಳಿಜಾರು ಹಿಡಿದಿತ್ತು.

"ಜೀವನವಿಡೀ ಸ್ಪೀಕರ್ ಮುಂದೆ ನಿಂತಿದ್ದೀರಿ," ಅಂದರು ಡಾಕ್ಟರು. "ಮಾತುಕತೆಗೆ ತೊಂದರೆ ಇಲ್ಲ. ಆದರೆ ಸ, ಶ, ತ, ಪ, ಈ ಥರದ ಅಕ್ಷರಗಳ ಚೂಪು ನಿಮಗೆ ಮೊದಲಿನಷ್ಟು ಸಿಗಲ್ಲ. ಬಾಕಿದ್ದನ್ನ ಅಭ್ಯಾಸದ ಮೇಲೆ ತುಂಬಿಸಿಕೊಳ್ತಿದ್ದೀರಿ."

ಮನೆ ಮುಂದೆ ಬಂದ ಮೇಲೆ ಅಕ್ಕ ಕೇಳಿದಳು, "ನನ್ನ ಕಿವಿ ಸರಿ ಇದ್ರೆ, ಅವನು ಸತ್ತಿದ್ದು ನಂಗ್ಯಾಕೆ ಕೇಳಿಸಲಿಲ್ಲ?"

"ನಾಳೆ ನಿನ್ನ ಕುರ್ಚಿಯಲ್ಲೇ ಕೂತು ನೋಡ್ತೀನಿ," ಅಂದರು ಮೇಷ್ಟ್ರು.

ಮರುದಿನ ಬೆಳಗಿನ ಆಟಕ್ಕೆ ಅವರು ಟಿಕೆಟ್ ತಗೊಂಡು ಹನ್ನೊಂದನೇ ಸಾಲಿನ ತುದಿ ಕುರ್ಚಿಯಲ್ಲಿ ಕೂತರು. ಎರಡು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವರು ಕೂತಿದ್ದು ಅದೇ ಮೊದಲು. ಕೂತ ತಕ್ಷಣ ಎರಡು ಸಂಗತಿ ಗೊತ್ತಾಯಿತು. ಪಕ್ಕದ ಗೋಡೆ ಬಟ್ಟೆಯದಲ್ಲ. ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲು; ಯಾವಾಗಲೂ ದೀಪ ಆರಿದ ಮೇಲೆ ಬಂದು ನಡುವಲ್ಲಿ ಕೂರುತ್ತಿದ್ದ ಅವರು ಅದನ್ನು ಗಮನಿಸಿಯೇ ಇರಲಿಲ್ಲ. ಮತ್ತು ತಲೆಯ ಮೇಲೆ, ಕೈಯೆತ್ತಿದರೆ ಇನ್ನೊಂದು ಕೈಯಷ್ಟೇ ದೂರದಲ್ಲಿ, ಪಕ್ಕದ ಸ್ಪೀಕರ್. ಪರದೆಯ ಮೇಲೆ ಮಳೆ ಬಂದರೆ ಅದು ಸೀದಾ ನೆತ್ತಿಯ ಮೇಲೇ ಸುರಿಯುತ್ತಿತ್ತು. ಆ ಮಳೆಯೊಳಗೆ ನಾಯಕಿ ಏನೋ ಹೇಳಿದಳು. ಸ್ವರಗಳೆಲ್ಲ ಬಂದವು, ವ್ಯಂಜನಗಳು ದಾರಿಯಲ್ಲೇ ಉದುರಿ ಹೋದವು. "ಆ... ಈ... ಓ..." ಅಂದ ಹಾಗೆ ಕೇಳಿಸಿತು. ಆದರೆ ಅದರಲ್ಲಿ ಎಷ್ಟು ಹಾಲ್‌ನ ತಪ್ಪು, ಎಷ್ಟು ತಮ್ಮ ಕಿವಿಯ ತಪ್ಪು ಅನ್ನುವುದು ಅವರಿಗೆ ಬಗೆಹರಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಮೇಷ್ಟ್ರು ತಮ್ಮ ಕಿವಿಯನ್ನು ನಂಬಲಿಲ್ಲ.

ಇಂಟರ್ವಲ್‌ನಲ್ಲಿ ಟಾರ್ಚಮ್ಮ ಸಿಕ್ಕಳು. "ಎಡಗಡೆಯವರು ಹೊರಗೆ ಬಂದು ಬಲಗಡೆಯವರನ್ನ ಕಥೆ ಕೇಳ್ತಾರೆ ಮೇಷ್ಟ್ರೇ," ಅಂದಳು. "ನಾನು ದಿನಾ ನೋಡ್ತೀನಿ."

"ಯಾರಿಗೂ ಹೇಳಲಿಲ್ವಾ?"

ಟಾರ್ಚಮ್ಮ ಚೌಕಟ್ಟಿನ ಕಾಗದದ ಕಡೆ ಟಾರ್ಚ್ ಬಿಟ್ಟಳು. "ಎಲ್ಲ ಆಸನ ಅಂತ ಬರೆದಿದೆಯಲ್ಲ. ಓದಿದವರು ಬರೆದ ಮೇಲೆ ನಾವೇನು ಹೇಳೋದು?"

ಮೇಷ್ಟ್ರು ಸೀದಾ ಮಾಲಕಿಯ ಕೋಣೆಗೆ ಹೋದರು. ಅವಳು ಮಾತಿನಲ್ಲಿ ಮೊಳೆ ಹೊಡೆದ ಹಾಗೆ ಇರುವ ಹೆಂಗಸು. ಆದರೆ ಹೇಳಿದ್ದನ್ನು ಕೇಳಿಸಿಕೊಳ್ಳುವವಳು.

"ಎಡಗೋಡೆಗೆ ಬಟ್ಟೆಯ ಹಲಗೆ ಹಾಕಿ ಅಂತ ನಕ್ಷೆಯಲ್ಲಿ ಬರೆದಿದ್ದೆ. ಕಲ್ಲು ಹೇಗೆ ಬಂತು?" ಅಂತ ಮೇಷ್ಟ್ರು ಕೇಳಿದರು.

"ಬಟ್ಟೆ ಒಂದು ತಿಂಗಳಲ್ಲಿ ಕೊಳೆಯಾಗುತ್ತೆ. ಜನ ಕೈ ಒರೆಸ್ತಾರೆ. ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳೋ ಗೋಡೆ ಅದು. ಕಲ್ಲು ಚೆನ್ನಾಗಿದೆ ಅಂತ ಎಲ್ಲರೂ ಅಂದ್ರು."

"ನೋಡೋಕೆ ಚೆನ್ನಾಗಿದೆ. ಆದ್ರೆ ಸಿನಿಮಾ ಹಾಲ್ ಗೋಡೆ ನೋಡೋಕಲ್ಲ. ಬಟ್ಟೆಗೆ ಬಿದ್ದ ಸದ್ದು ಅಲ್ಲೇ ಇಂಗುತ್ತೆ. ಕಲ್ಲಿಗೆ ಬಿದ್ದರೆ ಚೆಂಡಿನ ಹಾಗೆ ಪುಟಿದು ಬರುತ್ತೆ. ಪರದೆಯಿಂದ ಬಂದ ಮಾತು, ಅದರ ಬೆನ್ನಿಗೇ ಗೋಡೆಯಿಂದ ಬಂದ ಮಾತು, ಎರಡೂ ಒಂದರ ಮೇಲೊಂದು ಬಿದ್ದು ಗೊಜ್ಜಾಗುತ್ತೆ."

ಮಾಲಕಿ ಮೇಜಿನ ಮೇಲಿದ್ದ ಆಟಗಳ ಪಟ್ಟಿ ಎಳೆದುಕೊಂಡು ನೋಡಿದಳು. "ಸರಿ. ಸೋಮವಾರದಿಂದ ನಾಲ್ಕು ಬೆಳಗ್ಗೆ ಹಾಲ್ ನಿಮ್ಮದು. ಹನ್ನೊಂದು ಗಂಟೆಯ ಆಟಕ್ಕೆ ಮುಂಚೆ ಬಿಟ್ಟುಕೊಡಬೇಕು. ಕಲ್ಲಿಂದಾನೇ ಅಂತ ತೋರಿಸಿ, ಮುಚ್ಚಿಸ್ತೀನಿ."

ಮೇಷ್ಟ್ರು ಎದೆಯುಬ್ಬಿಸಿಕೊಂಡೇ ಹೊರಗೆ ಬಂದರು. ತಪ್ಪು ಬೇರೆಯವರದು ಅಂತ ಗೊತ್ತಾದಾಗ ಯಾರಿಗಾದರೂ ಹೆಜ್ಜೆ ಹಗುರಾಗುತ್ತದೆ.

ಯಂತ್ರದ ಅಳತೆ ಅವರ ಬಳಿ ಇತ್ತು. ಆದರೆ ಯಂತ್ರ ಗೆರೆ ತೋರಿಸುತ್ತದೆ, 'ಸತ್ತ' ಅನ್ನುವುದು 'ಅತ್ತ' ಆಯಿತೋ ಇಲ್ಲವೋ ಹೇಳುವುದಿಲ್ಲ. ಅದಕ್ಕೆ ಕಿವಿ ಬೇಕು, ಒಳ್ಳೆಯ ಕಿವಿ. ತಮ್ಮದು ಆಗದು. ಆ ಮಾತನ್ನು ಅಕ್ಕನ ಮುಂದೆ ಬಾಯಿ ಬಿಟ್ಟು ಹೇಳಲು ಮೇಷ್ಟ್ರು ಎರಡು ಲೋಟ ಚಹಾ ಕುಡಿಯಬೇಕಾಯಿತು.

"ನೀನು ಬಂದು ಕೇಳಬೇಕು. ನನ್ನ ಕೈಲಿ ಆಗಲ್ಲ."

"ಏನು ಕೊಡ್ತೀಯ?"

"ಸಿನಿಮಾ ಅರ್ಥ ಆಗೋ ಹಾಗೆ ಮಾಡಿಕೊಡ್ತೀನಿ."

"ಅದೇನು ದೊಡ್ಡದು ಬಿಡು," ಅಂದಳು ಅಕ್ಕ. ಆದರೆ ಸೋಮವಾರ ಏಳಕ್ಕೇ ಪೆನ್ಸಿಲ್ ಚೂಪು ಮಾಡಿಕೊಂಡು ಹಾಲ್ ಬಾಗಿಲಲ್ಲಿ ನಿಂತಿದ್ದಳು.

ಟಾರ್ಚಮ್ಮನ ದನಿ ಗಂಟೆ ಬಾರಿಸಿದ ಹಾಗೆ ಇತ್ತು. ಮೇಷ್ಟ್ರು ಅವಳಿಂದ ಇಪ್ಪತ್ತು ಇಪ್ಪತ್ತು ಪದಗಳ ಹಲವು ಪಟ್ಟಿ ಓದಿಸಿ ರೆಕಾರ್ಡ್ ಮಾಡಿಕೊಂಡರು. ಸಾಲು, ಹಾಲು, ತಪ್ಪು, ಕಪ್ಪು, ಕತ್ತಿ, ಬತ್ತಿ, ಶಾಲೆ, ಮಾಲೆ. ಒಂದಕ್ಕೊಂದು ತಂಗಿಯರಂತಿರುವ ಪದಗಳು. ಅವನ್ನು ಪರದೆಯ ಹಿಂದಿನ ನಡು ಸ್ಪೀಕರ್‌ನಿಂದ ಕೇಳಿಸುವುದು, ಅದರ ಜತೆ ಪಕ್ಕದ ಸ್ಪೀಕರ್‌ಗಳಲ್ಲಿ ಹದವಾಗಿ ಮಳೆ ಸದ್ದು ಬಿಡುವುದು. ಅಕ್ಕ ಮತ್ತು ಟಾರ್ಚಮ್ಮ ಬೇರೆ ಬೇರೆ ಕುರ್ಚಿಯಲ್ಲಿ ಕೂತು ಕೇಳಿಸಿದ್ದನ್ನು ಬರೆಯುವುದು. ಒಂದು ಕುರ್ಚಿ ಮುಗಿದರೆ ಇನ್ನೊಂದು. ಟಾರ್ಚಮ್ಮನಿಗೆ ತಾನು ಓದಿದ ಪಟ್ಟಿ ಬಾಯಿಪಾಠವಾಗಿಬಿಡುತ್ತಿತ್ತು. ಅವಳ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಉಳಿದವಳು ಅಕ್ಕ ಒಬ್ಬಳೇ. ಮಡಚದ ಕಾಲು ಎಳೆದುಕೊಂಡು, ಕುರ್ಚಿಯಿಂದ ಕುರ್ಚಿಗೆ ಗೊಣಗುತ್ತ ಹೋದಳು. ಎರಡು ಬೆಳಗಿನಲ್ಲಿ ಅರವತ್ತೆರಡು ಕುರ್ಚಿ ಮುಗಿಸಿದಳು.

ನಡು ಹಾಲ್‌ನಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು, ಇಪ್ಪತ್ತು ಸರಿ. ಬಲಗೋಡೆಯ ಪಕ್ಕ ಹದಿನೆಂಟು. ಎಡಗೋಡೆಯ ಪಕ್ಕದ ಮೂರು ನಾಲ್ಕು ಕುರ್ಚಿಗಳಲ್ಲಿ ಒಂಬತ್ತು, ಹತ್ತು. ಮುಂದಿನ ಎರಡು ಸಾಲಿನಲ್ಲಿ ಬೇರೆಯದೇ ಕಾಟ: ಪದ ಹಿಂದಿನ ಗೋಡೆಗೆ ಹೋಗಿ ಬಡಿದು ವಾಪಸು ಬಂದು, "ತಪ್ಪು... ಪು" ಅಂತ ಎರಡು ಸಲ ಕೇಳಿಸುತ್ತಿತ್ತು. ಕೊನೆಯ ಸಾಲಿನ ಸೋಫಾ ಕುರ್ಚಿಗಳಲ್ಲಿ, ಎಲ್ಲಕ್ಕಿಂತ ದುಬಾರಿ ಟಿಕೆಟ್ಟಿನವು, ಬೆನ್ನಿಗೇ ಗೋಡೆ ಇದ್ದದ್ದರಿಂದ ಕೆಳದನಿಗಳೆಲ್ಲ ಅಲ್ಲಿ ಬಂದು ಗುಡ್ಡೆ ಬೀಳುತ್ತಿದ್ದವು. "ಡೋಲಿನೊಳಗೆ ಕೂತ ಹಾಗಿದೆ," ಅಂದಳು ಅಕ್ಕ.

ಬುಧವಾರ ಅವಳೇ ಅಂಗಡಿಯಲ್ಲಿದ್ದ ದಪ್ಪ ಪರದೆ ಬಟ್ಟೆಯ ಮೂರು ಸುರುಳಿ ತರಿಸಿದಳು. ನೆರಿಗೆ ಹಿಡಿದು, ಹಗ್ಗ ಕಟ್ಟಿ, ಎಂಟನೇ ಸಾಲಿನಿಂದ ಹದಿನಾಲ್ಕನೇ ಸಾಲಿನವರೆಗೆ ಕಲ್ಲು ಕಾಣದ ಹಾಗೆ ಇಳಿಬಿಟ್ಟರು. ಮೇಷ್ಟ್ರು ತಲೆಯ ಮೇಲಿನ ಸ್ಪೀಕರ್‌ನ ದನಿ ತಗ್ಗಿಸಿ, ಅದರ ಮುಖವನ್ನು ಎದುರುಗೋಡೆಯ ಕಡೆ ಎತ್ತಿದರು. ಈಗ ನೋಡು ಅನ್ನುವ ಧಾಟಿಯಲ್ಲಿ ಪಟ್ಟಿ ಹಾಕಿದರು. ಅಕ್ಕ ತನ್ನ ತುದಿ ಕುರ್ಚಿಯಲ್ಲಿ ಕೂತು ಬರೆದಳು.

ಹದಿಮೂರು.

"ಇನ್ನೊಂದು ಸಲ," ಅಂದರು ಮೇಷ್ಟ್ರು, ಬೇರೆ ಪಟ್ಟಿ ಹಾಕಿ.

ಮತ್ತೆ ಹದಿಮೂರು. ಸ, ಶ, ತ ಇನ್ನೂ ಬಂದಿರಲಿಲ್ಲ.

ಮೇಷ್ಟ್ರು ಅಂಗಿ ತೋಳು ಮಡಚಿ ಸಿನಿಮಾ ಪರದೆಯ ಹಿಂದೆ ಹೋದರು. ಅಲ್ಲಿ ಕಬ್ಬಿಣದ ಏಣಿ, ಧೂಳು, ಮೇಲೆ ಆಳೆತ್ತರದ ನಡು ಸ್ಪೀಕರ್. ಅದರ ತಲೆಯ ಮೇಲೆ ತುತ್ತೂರಿಯ ಬಾಯಿಯಂತೆ ಅಗಲಿಸಿಕೊಂಡ ಹಾರ್ನ್. ಮಾತಿನ ಚೂಪೆಲ್ಲ ಹೊರಡುವುದು ಅದರಿಂದಲೇ. ಕೆಳದನಿ ಹೊಗೆಯ ಹಾಗೆ ಎಲ್ಲ ಕಡೆ ಹರಡುತ್ತದೆ. ಹಾರ್ನಿನ ದನಿ ಟಾರ್ಚ್ ಬೆಳಕಿನ ಹಾಗೆ, ಮುಖ ಮಾಡಿದ ಕಡೆಗೇ ಹೋಗುತ್ತದೆ. ಆ ಹಾರ್ನ್ ನೆಟ್ಟಗಿರಲಿಲ್ಲ. ಒಂದು ಗೇಣು ಬಲಕ್ಕೆ ತಿರುಗಿತ್ತು.

ಯಾರೋ ಕೆಲಸದವರು ಕೈ ತಗುಲಿಸಿರಬೇಕು ಅಂತ ಬೈಯಲು ಬಾಯಿ ತೆರೆದರು. ಆಗ ಹಾರ್ನ್ ಕೂತಿದ್ದ ಹಲಗೆಯ ಮೇಲೆ ಬಿಳಿ ಮಾರ್ಕರಿನ ಗೆರೆ ಕಂಡಿತು. ಹಾರ್ನಿನ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗದೆ ಆ ಗೆರೆಯ ಮೇಲೇ ಕೂತಿತ್ತು. ಗೆರೆಯ ಪಕ್ಕದಲ್ಲಿ ಎರಡು ವರ್ಷದ ಹಿಂದಿನ ಒಂದು ತಾರೀಕು, ತಮ್ಮದೇ ದುಂಡನೆಯ ಅಕ್ಷರದಲ್ಲಿ.

ಏಣಿಯ ಮೇಲೆ ನಿಂತೇ ಅವರಿಗೆ ಆ ದಿನ ಪೂರ್ತಿ ನೆನಪಾಯಿತು. ಎಡಭಾಗದಲ್ಲಿ ಇನ್ನೂ ಸಾರವೆ ಕಟ್ಟಿತ್ತು. ಬಣ್ಣದವರು ಹತ್ತಿ ಇಳಿಯುತ್ತಿದ್ದರು. ಉದ್ಘಾಟನೆಗೆ ಎರಡೇ ದಿನ. ಐದು ಮೈಕುಗಳನ್ನು ಹಾಲ್ ತುಂಬ ಹರಡಿ ಇಡಬೇಕಿತ್ತು. ಎಡಗಡೆ ಜಾಗ ಸಿಗದೆ ಐದನ್ನೂ ನಡುವಿನಿಂದ ಬಲಕ್ಕೆ ಸಾಲಾಗಿ ಇಟ್ಟಿದ್ದರು. ಮೈಕಿಗೆ ಚೆನ್ನಾಗಿ ಕೇಳಿಸಲಿ ಅಂತ ಹಾರ್ನನ್ನು ಅತ್ತ ತಿರುಗಿಸಿದ್ದರು. ಯಂತ್ರದ ಗೆರೆ ಚೆನ್ನಾಗಿ ಬಂತು. ಎಡಗಡೆ ಆಮೇಲೆ ಬಂದು ನೋಡೋಣ ಅಂದುಕೊಂಡಿದ್ದರು. ಆ 'ಆಮೇಲೆ' ಬರಲೇ ಇಲ್ಲ. "ಎಲ್ಲ ಆಸನಗಳಿಂದಲೂ" ಅಂತ ಬರೆದು ಸಹಿ ಹಾಕಿ ಬಂದಿದ್ದರು.

"ಏನಾಯ್ತೋ? ಏಣಿ ಮೇಲೇ ನಿದ್ದೆ ಹೋದ್ಯಾ?" ಅಂತ ಹಾಲ್‌ನಿಂದ ಅಕ್ಕ ಕೂಗಿದಳು.

ಮೇಷ್ಟ್ರು ಹಾರ್ನನ್ನು ನೆಟ್ಟಗೆ ತಿರುಗಿಸಿ, ತಿರುಪುಮೊಳೆ ಬಿಗಿದು, ಕೆಳಗಿಳಿದರು. ಮೂರನೆಯ ಪಟ್ಟಿ ಹಾಕಿದರು. ಅಕ್ಕ ಕೊಟ್ಟ ಹಾಳೆಯಲ್ಲಿ ಹದಿನೇಳು ಸರಿ ಇದ್ದವು. 'ಸಾಲು' ಸಾಲೇ ಆಗಿತ್ತು, 'ತಪ್ಪು' ತಪ್ಪೇ ಆಗಿತ್ತು.

ಅವಳ ಮುಖ ಅರಳಿತು. "ಬಂತು ಕಣೋ! ಏನು ಮಾಡ್ದೆ?"

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಪರದೆಯ ಹಿಂದೆ ಇನ್ಯಾರೂ ಹತ್ತುವುದಿಲ್ಲ. ಮಾರ್ಕರಿನ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಮೇಷ್ಟ್ರು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಸಾರವೆಯಿಂದ ಹಿಡಿದು ಸಹಿಯವರೆಗೆ ಎಲ್ಲ ಹೇಳಿದರು. ಕೊನೆಗೆ, "ನಿನ್ನ ಕಿವಿ ಅಲ್ಲ ಅಕ್ಕ. ನನ್ನ ಕೈ," ಅಂದರು.

ಅಕ್ಕ ಪೆನ್ಸಿಲನ್ನು ಕುರ್ಚಿಯ ಕೈ ಮೇಲೆ ಇಟ್ಟಳು.

"ಎರಡು ವರ್ಷ ಕಣೋ," ಅಂದಳು. ದನಿ ಏರಿಸಲಿಲ್ಲ. "ಎರಡು ವರ್ಷ ನಾನು ಕಿವುಡಿ ಅಂತ ಬದುಕಿದ್ದೀನಿ. ನಾಲ್ಕು ಜನ ಕೂತಿದ್ದ ಕಡೆ ಹೋಗೋದು ಬಿಟ್ಟೆ. ಫೋನ್ ಬಂದ್ರೆ ಪಕ್ಕದ ಅಂಗಡಿಯವಳ ಕೈಗೆ ಕೊಡ್ತಿದ್ದೆ. ನಮ್ಮ ಪುಟ್ಟ ಮಾಡಿದ ಥಿಯೇಟರಲ್ಲೇ ಕೇಳಿಸಲ್ಲ ಅಂದ್ರೆ ಇನ್ನೆಲ್ಲಿ ಕೇಳಿಸುತ್ತೆ ಅಂತ ನನ್ನ ಕಿವೀನೇ ಅನುಮಾನಿಸಿದೆ, ನಿನ್ನನ್ನ ಒಂದು ದಿನ ಅನುಮಾನಿಸಲಿಲ್ಲ."

ಎದ್ದು, ಕಾಲು ಎಳೆದುಕೊಂಡು, ಎಡಗಡೆಯ ದಾರಿಯಲ್ಲಿ ಬಾಗಿಲವರೆಗೆ ನಡೆದು ಹೊರಟೇ ಹೋದಳು.

ಮಾಲಕಿಗೆ ಹೇಳುವುದು ಅದಕ್ಕಿಂತ ಸುಲಭವಾಗಿತ್ತು, ಅವಳು ಬೈದಳು. ಕಲ್ಲಿನ ವಿಚಾರದಲ್ಲಿ ತನಗೆ ಉಪದೇಶ ಮಾಡಿದ್ದನ್ನು ಪದ ಬಿಡದೆ ವಾಪಸು ಒಪ್ಪಿಸಿದಳು. ಆಮೇಲೆ ತಾನೇ ಎದ್ದು ಹೋಗಿ ಚೌಕಟ್ಟನ್ನು ಮೊಳೆಯಿಂದ ಇಳಿಸಿ ಅವರ ಕೈಗೆ ಕೊಟ್ಟಳು.

"ಇದನ್ನ ತಗೊಂಡು ಹೋಗಿ. ಕೆಲಸ ಸರಿ ಮಾಡಿ ಇನ್ನೊಂದು ಬರೆದುಕೊಡಿ. ಯಾವ ಕುರ್ಚಿ ಹೇಗಿದೆಯೋ ಹಾಗೇ ಇರಬೇಕು."

"ಹಾಗೇ ಬರೆದರೆ ನಿಮ್ಮ ಟಿಕೆಟ್ಟಿಗೆ ಪೆಟ್ಟು ಬೀಳುತ್ತೆ."

"ಇಷ್ಟು ದಿನ ಅರ್ಥವಾಗದ ಸಿನಿಮಾ ತೋರಿಸಿದ್ದೀನಲ್ಲ, ಅದಕ್ಕಿಂತಾನಾ? ನಡೀರಿ."

ಗುರುವಾರ ಬೆಳಗ್ಗೆ ಮೇಷ್ಟ್ರು ಒಬ್ಬರೇ ಹಾಲ್‌ನಲ್ಲಿದ್ದರು. ಏಳೂವರೆ ಆಯಿತು, ಎಂಟಾಯಿತು. ಎಂಟೂಕಾಲಿಗೆ ಬಾಗಿಲು ಕಿರ್ರೆಂದಿತು. ಅಕ್ಕ ಹೆಗಲ ಮೇಲೆ ಬಟ್ಟೆ ಹೊತ್ತು ಬಂದಳು. ಗೋಡೆಯ ಅಳತೆ ಹಿಡಿದಳು, ಚೌಕಟ್ಟು ಎಷ್ಟು ದಪ್ಪ ಬೇಕು, ಒಳಗೆ ಏನು ತುಂಬುತ್ತೀಯ ಅಂತ ಮಾತ್ರ ಕೇಳಿದಳು. ಮರದ ಚೌಕಟ್ಟಿನೊಳಗೆ ಉಣ್ಣೆಯ ದಿಂಡು ತುಂಬಿ ಮೇಲೆ ಬಟ್ಟೆ ಹೊದಿಸುವುದು ಅಂತ ಮೇಷ್ಟ್ರು ಹೇಳಿದರು.

"ಬಟ್ಟೆ ಕೊಳೆಯಾದ್ರೆ ಬಿಚ್ಚಿ ಒಗೆಯೋ ಹಾಗೆ ಹೊಲೀತೀನಿ. ದಿಂಬಿನ ಚೀಲದ ಥರ," ಅಂದಳು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ ಸೇರಿಸಿದಳು, "ನಿನ್ನ ಪ್ಯಾಂಟ್ ಇನ್ನೂ ಅಲ್ಲೇ ಬಿದ್ದಿದೆ. ಅಂಚು ನೀನೇ ಹೊಲ್ಕೋ."

ಬೈದಳು ಅಂದರೆ ಅರ್ಧ ಸರಿಹೋಯಿತು ಅಂತ ಮೇಷ್ಟ್ರಿಗೆ ಗೊತ್ತಿತ್ತು. ಉಳಿದರ್ಧಕ್ಕೆ ಇನ್ನೂ ಮೂರು ವಾರ ಹಿಡಿಯಿತು.

ಚೌಕಟ್ಟುಗಳು ಎದ್ದ ಮೇಲೆ ಹನ್ನೊಂದನೇ ಸಾಲಿನ ತುದಿ ಕುರ್ಚಿಯಲ್ಲಿ ಹದಿನೆಂಟು ಬಂತು. ಹಿಂದಿನ ಗೋಡೆಗೂ ಬಟ್ಟೆ ಹೊದಿಸಿದ ಮೇಲೆ ಎರಡನೇ ಸಾಲು ಸುಧಾರಿಸಿತು. ಮೊದಲನೇ ಸಾಲಿನ ಎಡಮೂಲೆಯ ಆರು ಕುರ್ಚಿಗಳಲ್ಲಿ ಮಾತ್ರ ಏನು ಮಾಡಿದರೂ ಲೆಕ್ಕ ಹನ್ನೆರಡು ದಾಟಲಿಲ್ಲ. ಪರದೆಗೆ ಅಷ್ಟು ಹತ್ತಿರ, ಅಷ್ಟು ಓರೆಯಲ್ಲಿ ಕೂತವರ ತಲೆಯ ಮೇಲೇ ಹಾರ್ನಿನ ದನಿ ಹಾದುಹೋಗುತ್ತಿತ್ತು. ಅವನ್ನು ತೆಗೆಸಿಬಿಡಿ ಅಂದರು ಮೇಷ್ಟ್ರು. ಹಲ್ಲು ಕೀಳಿಸಿಕೊಳ್ಳುವವಳ ಮುಖ ಮಾಡಿಕೊಂಡು ಮಾಲಕಿ ಒಪ್ಪಿದಳು. ಕೊನೆಯ ಸಾಲಿನ ಸೋಫಾಗಳನ್ನು ಗೋಡೆಯಿಂದ ಮುಂದಕ್ಕೆ ಎಳೆಯುವ ಮಾತಿಗೆ ಮಾತ್ರ ಜಗ್ಗಲಿಲ್ಲ.

"ಅಲ್ಲಿ ಕೂರೋರು ಮಾತು ಕೇಳೋಕೆ ಬರಲ್ಲ ಮೇಷ್ಟ್ರೇ. ಎದೆ ಗುಡುಗುಡು ಅನ್ನಬೇಕು ಅಂತಾನೇ ಬರ್ತಾರೆ."

ಅದೂ ನಿಜವೇ. "ಹದಿನೆಂಟನೇ ಸಾಲಿನಲ್ಲಿ ಗುಡುಗು ಹೆಚ್ಚು" ಅಂತ ಹೊಸ ಕಾಗದದಲ್ಲಿ ಬರೆದರು. ಮೊದಲನೇ ಸಾಲಿನಲ್ಲಿ ಮಾತು ಕೊಂಚ ಮಸುಕು, ನಡು ಹಾಲ್ ಉತ್ತಮ, ಎಡಬಲ ತುದಿಗಳು ಪರವಾಗಿಲ್ಲ, ಎಲ್ಲ ಸಾಲುಸಾಲಾಗಿ. ಮಾಲಕಿ ಅದನ್ನು ಟಿಕೆಟ್ ಕಿಟಕಿಯ ಮೇಲೇ ಅಂಟಿಸಿದಳು. ಜನ ಬಸ್ಸಿನ ವೇಳಾಪಟ್ಟಿಯ ಹಾಗೆ ಅದನ್ನು ಓದಿ, ಬೆರಳಿಟ್ಟು ಕುರ್ಚಿ ಕೇಳತೊಡಗಿದರು. ಟಿಕೆಟ್ ಕೊಡುವವನು ದಿನಕ್ಕೆ ಹತ್ತು ಸಲ ಮೇಷ್ಟ್ರನ್ನು ಶಪಿಸುತ್ತಿದ್ದನಂತೆ.

ಕಸುಬಿನ ವಲಯದಲ್ಲಿ ಸುದ್ದಿ ಹಬ್ಬಿತು. "ಕಿವಿ ಮೇಷ್ಟ್ರಿಗೆ ಕಿವಿಯೇ ಇಲ್ವಂತೆ" ಅಂತ ಒಬ್ಬ ಹಾಲ್‌ನವ ನಕ್ಕನಂತೆ. ಒಪ್ಪಿಕೊಂಡಿದ್ದ ಒಂದು ಕೆಲಸ ಕೈತಪ್ಪಿತು. ಮೇಷ್ಟ್ರು ಅದನ್ನು ನುಂಗಿಕೊಂಡು, ತಾವು ಹಿಂದೆ ಸಹಿ ಹಾಕಿದ ಹನ್ನೊಂದು ಹಾಲ್‌ಗಳಿಗೂ ಕಾಗದ ಬರೆದರು: ನಾನು ಮೂಲೆ ಕುರ್ಚಿಗಳನ್ನು ಸರಿಯಾಗಿ ನೋಡದೆ ಇದ್ದಿರಬಹುದು, ಕರೆದರೆ ಬಂದು ಮತ್ತೆ ನೋಡುತ್ತೇನೆ. ಏಳು ಜನ ಉತ್ತರ ಕೊಡಲಿಲ್ಲ. ನಾಲ್ಕು ಜನ ಬನ್ನಿ ಅಂದರು.

ಕೆಲಸವೆಲ್ಲ ಮುಗಿದ ಮೇಲಿನ ಭಾನುವಾರ ಅಕ್ಕ ತಮ್ಮ ಇಬ್ಬರೂ ಮ್ಯಾಟಿನಿಗೆ ಹೋದರು. ಅಕ್ಕ ಕಾಲು ಚಾಚಿ ತುದಿಯಲ್ಲಿ ಕೂತಳು, ಮೇಷ್ಟ್ರು ಎರಡನೇ ಕುರ್ಚಿಯಲ್ಲಿ. ಅವಳು ಕೊನೆಯವರೆಗೂ ಕಣ್ಣು ಮಿಟುಕಿಸದೆ ನೋಡಿದಳು. ಒಂದು ಕಡೆ ಎಲ್ಲರಿಗಿಂತ ಮೊದಲು ನಕ್ಕಳು. ಮುಂದಿನ ಸಾಲಿನವರು ತಿರುಗಿ ನೋಡಿದರು.

"ಹೇಗಿತ್ತು?" ಅಂತ ಹೊರಗೆ ಬಂದು ಮೇಷ್ಟ್ರು ಕೇಳಿದರು.

"ಒಂದಕ್ಷರ ಬಿಡದೆ ಕೇಳಿಸ್ತು. ಆ ನಾಯಕನ ಮಾತು ಎಷ್ಟು ಪೆದ್ದು! ಕೇಳಿಸದೇ ಇದ್ದಾಗ ನಾನು ಅವನಿಗೆ ಇದಕ್ಕಿಂತ ಒಳ್ಳೆ ಮಾತು ಹಾಕ್ತಿದ್ದೆ."

ಮೇಷ್ಟ್ರು ನಕ್ಕರು. ಬುಧವಾರ ಪಕ್ಕದ ಊರಿನ ಹಾಲ್‌ಗೆ ಹೋಗಬೇಕಿತ್ತು, ಕರೆದ ನಾಲ್ಕರಲ್ಲಿ ಮೊದಲನೆಯದು. ಅಲ್ಲಿಯ ಪದಪಟ್ಟಿಗೆ ಯಾರ ಕಿವಿ ಅನ್ನುವುದನ್ನು ಹೇಗೆ ಕೇಳುವುದು ಅಂತ ಅವರು ಯೋಚಿಸುತ್ತಿರುವಾಗಲೇ ಅಕ್ಕ ಕೇಳಿದಳು, "ಬಸ್ಸು ಎಷ್ಟು ಗಂಟೆಗೆ?"

"ಏಳಕ್ಕೆ."

"ಅಂಗಡಿ ಮಧ್ಯಾಹ್ನ ತೆಗೀತೀನಿ ಅಂತ ಬೋರ್ಡ್ ಹಾಕ್ತೀನಿ. ಕಿಟಕಿ ಪಕ್ಕ ನಂಗೆ ಬೇಡ, ಕಾಲು ಚಾಚೋಕಾಗಲ್ಲ."